ಗ್ಯಾರೇಜ್ ಪ್ರಶ್ನೋತ್ತರ: ಹೈವೇಯಲ್ಲಿ ಓಡುವ ಎಸ್ಟೀಮ್ ನಂತೂರಿನಲ್ಲಿ ಯಾಕೆ ಜಗ್ಗುತ್ತದೆ?

ಪ್ರಶ್ನೆ: ನನ್ನದು 2006ರ ಮಾರುತಿ ಎಸ್ಟೀಮ್, 1.3 ಲೀಟರ್ ಪೆಟ್ರೋಲ್. ಮಳೆಗಾಲ ಮುಗಿದ ಮೇಲೆ ವಾಲ್ವ್ ತೆರೆದು ಮುಚ್ಚುವ ಹಳೆ ಕ್ಯಾಮ್‌ಶಾಫ್ಟನ್ನು 272 ಡಿಗ್ರಿಗೆ (ಕ್ರ್ಯಾಂಕ್ ಅಷ್ಟು ತಿರುಗುವವರೆಗೆ ವಾಲ್ವ್ ತೆರೆದಿರುವಂತೆ) ರೀಗ್ರೈಂಡ್ ಮಾಡಿಸಿ, ಪ್ರೋಗ್ರಾಂ ಮಾಡಬಹುದಾದ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಹಾಕಿಸಿದೆ. ಪಡುಬಿದ್ರಿ ಕಡೆ 4,000 ಆರ್‌ಪಿಎಂ ದಾಟಿದರೆ ಪಿಕಪ್ ಜೋರಾಗಿದೆ. ಆದರೆ ನಂತೂರು–ಪಂಪ್‌ವೆಲ್ ಸಾಲಿನಲ್ಲಿ ಎರಡನೇ ಗೇರಿನಲ್ಲಿ ಜರ್ಕ್. ಐಡ್ಲಿಂಗ್ ಏರಿಳಿಯುತ್ತದೆ, ಎಸಿ ಹಾಕಿದರೆ ಇಂಜಿನ್ ಆಫ್. ಪೆಟ್ರೋಲ್ ವಾಸನೆ ಉಂಟು, ಬ್ರೇಕ್ ಪೆಡಲೂ ಗಟ್ಟಿಯಾಗಿದೆ. ಟ್ಯೂನಿಂಗಿನಲ್ಲಿ ಸರಿಯಾದೀತೇ, ಹಳೆ ಅಳತೆಯ ಕ್ಯಾಮ್ ಹಾಕಿಸಲೇ?
— ಓದುಗರು, ಕುಲಶೇಖರ, ಮಂಗಳೂರು

ಉತ್ತರ: ಮೊದಲು ಬ್ರೇಕ್. ಅದನ್ನು ನೀವು ಪಟ್ಟಿಯ ಕೊನೆಗೆ ಬರೆದಿದ್ದೀರಿ, ನನಗೆ ಆತಂಕ ಇರುವುದು ಅದರಲ್ಲೇ. ಕಾಲಿನ ಒತ್ತಿಗೆ ಬಲ ಕೊಡುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಇನ್‌ಟೇಕ್ ಮ್ಯಾನಿಫೋಲ್ಡಿನ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ) ವ್ಯಾಕ್ಯೂಮ್ ಬಲದಿಂದ. ಸ್ಟಾಕ್, ಅಂದರೆ ಕಂಪನಿಯ ಮೂಲ ಕ್ಯಾಮ್ ಇರುವಾಗ ಐಡ್ಲಿಂಗಿನಲ್ಲಿ ವ್ಯಾಕ್ಯೂಮ್ ಗೇಜ್ 45ರಿಂದ 50 ಸೆಂಟಿಮೀಟರ್ ಪಾದರಸ ತೋರಿಸುತ್ತದೆ. ದೊಡ್ಡ ಕ್ಯಾಮ್ ಹಾಕಿದರೆ ಅದು 30ರ ಆಸುಪಾಸಿಗೆ ಇಳಿಯಬಹುದು. ನಾಳೆಯೇ ಒಂದು ಗೇಜ್ ಸಿಕ್ಕಿಸಿ ನೋಡಿ, ಬೂಸ್ಟರ್ ಪೈಪಿನ ಚೆಕ್ ವಾಲ್ವನ್ನೂ ಪರೀಕ್ಷಿಸಿ. 38ಕ್ಕಿಂತ ಕಡಿಮೆ ಇದ್ದರೆ ಅದು ಏರುವವರೆಗೆ, ಇಲ್ಲವೇ ಪ್ರತ್ಯೇಕ ವ್ಯಾಕ್ಯೂಮ್ ಟ್ಯಾಂಕ್ ಕೂರಿಸುವವರೆಗೆ ಈ ಗಾಡಿಯನ್ನು ಕದ್ರಿ ಇಳಿಜಾರಿಗೆ ಕೊಂಡುಹೋಗಬೇಡಿ ಮಾರಾಯ್ರೇ.

ನಿಮ್ಮ ಉಳಿದ ತೊಂದರೆಗಳ ಬೇರೂ ಇದೇ. ನಿಮ್ಮದರಂತಹ ಉದ್ದ ಡ್ಯೂರೇಶನ್ (ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ) ಕ್ಯಾಮ್‌ನಲ್ಲಿ ಇನ್‌ಟೇಕ್ ವಾಲ್ವ್ ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಎಕ್ಸಾಸ್ಟ್ ಇನ್ನೂ ಮುಚ್ಚಿರುವುದಿಲ್ಲ, ಅಷ್ಟರಲ್ಲಿ ಇನ್‌ಟೇಕ್ ತೆರೆದಿರುತ್ತದೆ. ಈ ಓವರ್‌ಲ್ಯಾಪ್ ಹೊತ್ತಿನಲ್ಲಿ, ಆರ್‌ಪಿಎಂ ಕಡಿಮೆ ಇದ್ದರೆ ಸುಟ್ಟ ಹೊಗೆ ಇನ್‌ಟೇಕಿಗೆ ನುಗ್ಗುತ್ತದೆ. ನಿಮ್ಮ ಎಸ್ಟೀಮ್ ಗಾಳಿಯನ್ನು ಅಂದಾಜು ಮಾಡುವುದು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನೋಡಿ. ಒತ್ತಡ ಏರಿದ್ದನ್ನು ಕಂಡ ಇಸಿಯು ಹೊಸ ಗಾಳಿ ಬಂತೆಂದು ತಿಳಿದು ಪೆಟ್ರೋಲ್ ಸುರಿಯುತ್ತದೆ. ಒಳಗೆ ಬಂದದ್ದರಲ್ಲಿ ಬಹುಪಾಲು ಹಳೆ ಹೊಗೆ. ನಿಮಗೆ ಬರುವ ವಾಸನೆ ಅದರದ್ದು.

ಆದರೆ ಲ್ಯಾಪ್‌ಟಾಪ್ ತೆರೆಯುವ ಮೊದಲು ಸ್ಪಾನರ್ ಹಿಡಿಯಬೇಕು. ರೀಗ್ರೈಂಡ್ ಮಾಡಿದ ಕ್ಯಾಮ್‌ನಲ್ಲಿ ಪುಲ್ಲಿಯ ಗುರುತು ನಂಬುವಂತಿಲ್ಲ, ಲೋಬ್ (ವಾಲ್ವನ್ನು ಒತ್ತುವ ಉಬ್ಬು) ಕೆಲವು ಡಿಗ್ರಿ ಸರಿದಿರಬಹುದು. ಕ್ರ್ಯಾಂಕಿಗೆ ಡಿಗ್ರಿ ಡಿಸ್ಕ್, ವಾಲ್ವಿನ ಮೇಲೆ ಡಯಲ್ ಗೇಜ್ ಇಟ್ಟು ಇನ್‌ಟೇಕ್ ಲೋಬಿನ ತುದಿ ಎಷ್ಟು ಡಿಗ್ರಿಗೆ ಬರುತ್ತದೆ ನೋಡಿ, ಗ್ರೈಂಡ್ ಮಾಡಿದವರು ಕೊಟ್ಟ ಅಳತೆಯ ಕಾರ್ಡಿಗೆ ಹೋಲಿಸಿ. ಬೆಲ್ಟಿನ ಒಂದು ಹಲ್ಲು ಸರಿಸಿದರೆ ಕ್ರ್ಯಾಂಕಿನಲ್ಲಿ ಹತ್ತು ಡಿಗ್ರಿಗೂ ಹೆಚ್ಚು ವ್ಯತ್ಯಾಸವಾಗುತ್ತದೆ, ಆದ್ದರಿಂದ ಅಡ್ಜಸ್ಟೆಬಲ್ ಪುಲ್ಲಿ ಬೇಕೇ ಬೇಕು. ಕ್ಯಾಮನ್ನು 2ರಿಂದ 4 ಡಿಗ್ರಿ ಮುಂದೆ ಇಟ್ಟರೆ ಇನ್‌ಟೇಕ್ ಬೇಗ ಮುಚ್ಚಿ ಕೆಳಗಿನ ಎಳೆತ ಸ್ವಲ್ಪ ಮರಳುತ್ತದೆ. ಮುಂದೆ ಸರಿಸಿದ ಮೇಲೆ ಇನ್‌ಟೇಕ್ ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರವನ್ನು ಅಳೆಯದೆ ಸ್ಟಾರ್ಟ್ ಮಾಡಬೇಡಿ. ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿನ ಗ್ಯಾಪ್) ಕೂಡ ಕಂಪನಿ ಪುಸ್ತಕದ ಪ್ರಕಾರ ಅಲ್ಲ, ಕಾರ್ಡಿನ ಪ್ರಕಾರ. ಗ್ಯಾಪ್ ಬಿಗಿಯಾದರೆ ವಾಲ್ವ್ ಇನ್ನೂ ಹೆಚ್ಚು ಹೊತ್ತು ತೆರೆದಿರುತ್ತದೆ.

ಈಗ ಐಡ್ಲಿಂಗ್. 900ರಿಂದ 950ಕ್ಕೆ ಇಡಿ. ಅದಕ್ಕಿಂತ ಏರಿಸಿ ಮಾತ್ರ ಸರಿಮಾಡುತ್ತೇನೆ ಎನ್ನುವ ಟ್ಯೂನರ್ ತೊಂದರೆಯನ್ನು ಮುಚ್ಚುತ್ತಿದ್ದಾನೆ. ಇಗ್ನಿಶನ್ ಟೈಮಿಂಗನ್ನು (ಪಿಸ್ಟನ್ ಮೇಲೆ ಮುಟ್ಟುವ ಎಷ್ಟು ಮೊದಲು ಕಿಡಿ ಹಾರಬೇಕು ಎಂಬುದು) 15 ಡಿಗ್ರಿಯ ಸುತ್ತಮುತ್ತ ಇಟ್ಟು, ಆರ್‌ಪಿಎಂ ಬಿದ್ದರೆ ಟೈಮಿಂಗ್ ಹೆಚ್ಚುವಂತೆ, ಏರಿದರೆ ಕಡಿಮೆಯಾಗುವಂತೆ ಇಸಿಯುವಿನ ಕೋಷ್ಟಕ ಬರೆಸಿ. ಇಂಜಿನ್ ಆಫ್ ಆಗದೆ ತಾನಾಗಿ ಒಂದೇ ವೇಗದಲ್ಲಿ ಓಡಲು ಕಲಿಯುವುದು ಇದರಿಂದಲೇ. ಐಡ್ಲಿಂಗಿನಲ್ಲಿ ಆಕ್ಸಿಜನ್ ಸೆನ್ಸರಿನ ತಿದ್ದುಪಡಿಯನ್ನು ಬಂದ್ ಮಾಡಿ. ಓವರ್‌ಲ್ಯಾಪಿನಲ್ಲಿ ಉರಿಯದೆ ದಾಟಿದ ಗಾಳಿಯನ್ನು ಕಂಡು ಅದು ಪೆಟ್ರೋಲ್ ಸಾಲದು ಎಂದು ಹೇಳುತ್ತದೆ, ಇಸಿಯು ಇನ್ನೂ ಸುರಿಯುತ್ತದೆ, ಹಾಗಾಗಿ ಏರಿಳಿತ. ಎಸಿ ಕಂಪ್ರೆಸರ್ ಕ್ಲಚ್ ಹಿಡಿಯುವ ಮೊದಲೇ ಐಡ್ಲಿಂಗ್ ಗಾಳಿ ಹೆಚ್ಚುವಂತೆ ಸ್ವಲ್ಪ ವಿಳಂಬ ಹಾಕಿಸಿ.

ಎರಡನೇ ಗೇರಿನ ಜರ್ಕಿಗೆ ನಾನು ಮೊದಲು ಹುಡುಕುವುದು ಪೆಟ್ರೋಲ್ ಕಟ್ ಆಗುವ ಜಾಗವನ್ನು. ಆಕ್ಸಿಲರೇಟರ್ ಬಿಟ್ಟಾಗ ಇಂಜೆಕ್ಟರ್ ನಿಲ್ಲುತ್ತದೆ, ಮತ್ತೆ ಒತ್ತಿದಾಗ ಚಾಲು. ಸಾಲಿನಲ್ಲಿ ಕಾಲು ಪ್ರತಿ ಕ್ಷಣ ಬಿಡುತ್ತ, ಒತ್ತುತ್ತ ಇರುತ್ತದೆ, 1,500 ಆರ್‌ಪಿಎಂನಲ್ಲಿ ಈ ಕಟ್ ನಡೆದರೆ ಗಾಡಿ ಜಗ್ಗದೆ ಇನ್ನೇನು ಮಾಡೀತು? 2,000ದ ಕೆಳಗೆ ಕಟ್ ಆಗದಂತೆ ಮಾಡಿ. ಆಮೇಲೆ 1,200ರಿಂದ 2,500ರವರೆಗಿನ ಕಡಿಮೆ ಲೋಡಿನ ಇಸಿಯು ಕೋಷ್ಟಕವನ್ನು ಒಂದೊಂದೇ ಮನೆಯಾಗಿ ತಿದ್ದಿಸಿ. ಅಕ್ಕಪಕ್ಕದ ಸಂಖ್ಯೆಗಳು ತಟ್ಟನೆ ಹಾರಬಾರದು. ಇಂಜಿನ್ನಿನ ಶಕ್ತಿ ಅಳೆಯುವ ಡೈನೋದ ಮೇಲೆ ಫುಲ್ ಥ್ರಾಟಲ್ ಎಳೆದು ಬಿಎಚ್‌ಪಿ ಚೀಟಿ ಕೊಟ್ಟು ಕೈತೊಳೆದುಕೊಳ್ಳುವ ಟ್ಯೂನಿಂಗ್ ನನಗೆ ಒಪ್ಪಿಗೆಯಿಲ್ಲ. ಊರಿನಲ್ಲಿ ಓಡುವ ಗಾಡಿ ದಿನವಿಡೀ ಇರುವುದು ಈ ಕೆಳಗಿನ ಮನೆಗಳಲ್ಲೇ. ಉಡುಪಿಯಿಂದ ಮಣಿಪಾಲದ ಏರಿಗೆ ಸಂಜೆ ಎಸಿ ಹಾಕಿ, ಹಿಂದೆ ಇಬ್ಬರನ್ನು ಕೂರಿಸಿ ಹತ್ತಿಸಿ ನೋಡಿ. ನಾನು ಪಾಸು–ಫೇಲು ಹೇಳುವುದು ಅಲ್ಲಿ.

ಗಾಳಿ–ಪೆಟ್ರೋಲ್ ಮಿಶ್ರಣ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಓದುವಾಗ 14.7 (ಒಂದು ಪಾಲು ಪೆಟ್ರೋಲಿಗೆ ಅಷ್ಟು ಪಾಲು ಗಾಳಿ) ಎಂಬ ಸಂಖ್ಯೆಯನ್ನು ಮರೆತು ಲ್ಯಾಂಬ್ಡಾ ನೋಡಿ. ಅದು 1 ಇದ್ದರೆ ಮಿಶ್ರಣ ಸರಿ, ಕಡಿಮೆ ಇದ್ದರೆ ಪೆಟ್ರೋಲ್ ಹೆಚ್ಚು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇರುವುದರಿಂದ ಸರಿಯಾದ ಮಿಶ್ರಣ 13.5ರ ಹತ್ತಿರ ಬರುತ್ತದೆ, ಲ್ಯಾಂಬ್ಡಾ 1 ಮಾತ್ರ ಬದಲಾಗುವುದಿಲ್ಲ. ಐಡ್ಲಿಂಗನ್ನು ಲ್ಯಾಂಬ್ಡಾ 0.93ರಲ್ಲಿ ಶುರುಮಾಡಿ 1ರ ಕಡೆಗೆ ಮೆಲ್ಲ ತನ್ನಿ. ಎಲ್ಲಿ ಮಿಸ್ಸಿಂಗ್ ಶುರುವಾಗುತ್ತದೋ ಆ ಕ್ಯಾಮ್‌ನ ಮಿತಿ ಅಲ್ಲಿಗೆ. ನಿಮ್ಮ ಗಾಡಿ ಎಮಿಷನ್ ಟೆಸ್ಟಿನಲ್ಲಿ ಐಡ್ಲಿಂಗಿಗೆ ಕಾರ್ಬನ್ ಮಾನಾಕ್ಸೈಡ್ ಶೇ 0.5ರೊಳಗೆ ಇರಬೇಕು. 0.93ರಲ್ಲಿ ನಿಂತ ಇಂಜಿನ್ ಅದನ್ನು ದಾಟಿಯೇ ದಾಟುತ್ತದೆ.

ಇಷ್ಟೂ ಮಾಡಿ ಐಡ್ಲಿಂಗ್ ಲ್ಯಾಂಬ್ಡಾ 1ರ ಹತ್ತಿರ ನಿಲ್ಲದಿದ್ದರೆ 250–255 ಡಿಗ್ರಿಯ, ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲೋಬಿನ ನಡುವಿನ ಅಂತರ ಅಗಲವಿರುವ ಕ್ಯಾಮ್ ಹಾಕಿಸಿ. ಒಂದೇ ಕ್ಯಾಮ್‌ಶಾಫ್ಟಿನಲ್ಲಿ ಈ ಅಂತರವನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಗ್ರೈಂಡಿಂಗ್ ಹೊತ್ತಿಗೇ ಹೇಳಬೇಕು. 6,000ದ ಮೇಲಿನ ಎಳೆತ ಸ್ವಲ್ಪ ಹೋಗುತ್ತದೆ. ವರ್ಷದ ಬಹುಪಾಲು ಎಸಿ ಹಾಕಿಯೇ ಓಡಿಸುವ ನಮ್ಮ ಕರಾವಳಿಗೆ ನಾನು ಆರಿಸುವುದು ಅದನ್ನೇ.

ಪ್ರಶ್ನೆ: 2021ರ ಪೆಟ್ರೋಲ್ ಸ್ವಿಫ್ಟ್ ಇದೆ. ಆಗುಂಬೆ ಘಾಟಿಗಾಗಿ ಕ್ಯಾಮ್ ಬದಲಿಸಬಹುದೇ?
— ಓದುಗರು, ಹೆಬ್ರಿ

ಉತ್ತರ: ಬೇಡ. ಆ ಇಂಜಿನ್ನಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಕಡೆ ವಿವಿಟಿ ಉಂಟು. ಆರ್‌ಪಿಎಂಗೆ ತಕ್ಕಂತೆ ಕ್ಯಾಮ್‌ನ ಸಮಯವನ್ನು ಅದೇ ಹಿಂದೆಮುಂದೆ ಮಾಡಿಕೊಳ್ಳುತ್ತದೆ. ಅದೇ ದುಡ್ಡಿಗೆ ಒಳ್ಳೆಯ ಟಯರ್, ಬ್ರೇಕ್ ಪ್ಯಾಡ್ ಹಾಕಿಸಿ, ಬ್ರೇಕ್ ಆಯಿಲ್ ಬದಲಿಸಿ. ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಎರಡನೇ ಗೇರಿನಲ್ಲಿ ಆರ್‌ಪಿಎಂ 3,000ದ ಹತ್ತಿರ ಇರಲಿ, ಇಳಿಯುವಾಗಲೂ ಎರಡರಲ್ಲೇ ಇರಿ.