ಕಿತ್ತರೆ ಹೋಗಲ್ಲ, ಕೊಂಬೆ ಸಮೇತ ಕಡಿಯಿರಿ

ನಮಸ್ಕಾರ ರೀ. ಹುಮನಾಬಾದಿನ ನಿಮ್ಮ ಮಾವಿನ ಮರದಲ್ಲಿ ಬದನಿಕೆ (ಕೊಂಬೆಯೊಳಗೆ ಬೇರಿಳಿಸಿ ಮರದ ಸಾರ ಹೀರುವ ಪರಾವಲಂಬಿ ಗಿಡ) ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ, ಅಮೆರಿಕದಲ್ಲಿ ಪೈನ್ ಮರಗಳಿಗೆ ಹೊಡೆಯುವ ಔಷಧ ಇಲ್ಲಿ ನಡೆಯುತ್ತದಾ ಅಂತ ಕೇಳಿದ್ದೀರಿ.

ಆ ಔಷಧದ ಆಸೆ ಬಿಡಿ. ಅದು ಎಥೆಫಾನ್, ಹಣ್ಣು ಮಾಗಿಸುವವರ ಬಾಯಲ್ಲಿ ಹೆಸರು ಕೇಳಿರ್ತೀರಿ. ಹೊಡೆದರೆ ಚಿಗುರು ಉದುರುತ್ತದೆ ಅಷ್ಟೇ, ಬೇರು ಕೊಂಬೆಯೊಳಗೇ ಉಳಿಯುತ್ತದೆ. ಅಲ್ಲಿನವರೂ ಕೊನೆಗೆ ಗರಗಸವನ್ನೇ ಹಿಡಿಯುತ್ತಾರೆ. ಪೈನ್ ಮರದ ಬದನಿಕೆ ಬೇರೆ ಜಾತಿ, ಕಾಯಿ ಸಿಡಿದು ಬೀಜ 10 ಮೀಟರ್ ದೂರ ಹಾರುತ್ತದೆ. ನಮ್ಮದಕ್ಕೆ ಹಕ್ಕಿಯೇ ಗತಿ. ಹೆಬ್ಬೆರಳಿನಷ್ಟು ಬದನಿಕೆ ಹಕ್ಕಿ ಹಣ್ಣು ತಿಂದು, ಅಂಟು ಬೀಜವನ್ನು ಕೊಂಬೆಗೆ ಹಿಂಬದಿ ಉಜ್ಜಿ ಒರೆಸಿ ಹೋಗುತ್ತದೆ. ಸುಮ್ನೆ ಕೂತು ನೋಡಿ, ಮಜಾ ಇರುತ್ತದೆ.

ಮಾವು ಇಳಿಸಿದ ಮೇಲೆ, ಬದನಿಕೆ ಗಂಟು ಕಟ್ಟಿದ ಜಾಗಕ್ಕಿಂತ ಒಂದೂವರೆ ಅಡಿ ಕೆಳಗೆ ಕೊಂಬೆ ಕೊಯ್ಯಿರಿ. ಮೊದಲು ಅಡಿಯಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿಂದ, ಇಲ್ಲಾಂದ್ರೆ ತೊಗಟೆ ಸೀಳುತ್ತದೆ. ನಾನು ಕೊಂಬೆ ಉಳಿಸೋ ಆಸೆಗೆ ಗಂಟಿನ ಪಕ್ಕದಲ್ಲೇ ಕೊಯ್ದಿದ್ದೆ. ಮರುವರ್ಷ ಅದೇ ಮೋಟಿನಿಂದ ಹೊಸ ಚಿಗುರು!

ಕೊಯ್ದ ಬಾಯಿಗೆ ಬೋರ್ಡೋ ಪೇಸ್ಟ್ (ಗಾಯಕ್ಕೆ ಶಿಲೀಂಧ್ರ ತಗಲದಂತೆ ಹಚ್ಚುವ ಮುಲಾಮು) ಹಚ್ಚಿ. 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 100 ಗ್ರಾಂ ಸುಣ್ಣ, ಒಟ್ಟು 1 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿ. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ್ದು ಬೇಡ.

ದಪ್ಪ ಕಾಂಡದಲ್ಲೇ ಕೂತಿದ್ದರೆ ಕಡಿಯೋಕಾಗಲ್ಲ, ಬದನಿಕೆ ಹಣ್ಣಾಗುವ ಮುಂಚೆ ಪ್ರತಿ ವರ್ಷ ಅದರ ಚಿಗುರು ಸವರುತ್ತಿರಿ. ಹಾಂ, ಬದುವಿನ ಬೇವು, ಹೊಂಗೆ ಕೂಡ ನೋಡಿದ್ರಾ? ಅಲ್ಲಿದ್ದರೆ ಹಕ್ಕಿ ಮತ್ತೆ ತಂದು ಹಚ್ಚುತ್ತದೆ.