ಓದುಗರ ಪ್ರಶ್ನೆ: ಕದನ ವಿರಾಮ ಎಷ್ಟು ದಿನ ಉಳಿದೀತು?

ಪ್ರಶ್ನೆ: ನನ್ನ ತಂಗಿಯ ಮಗ ಸೇನೆಯಲ್ಲಿದ್ದು, ಈಗ ಜಮ್ಮು ಗಡಿಯಲ್ಲಿದ್ದಾನೆ. 2025ರ ಮೇ 10ರ ಸಂಜೆ ಭಾರತ-ಪಾಕಿಸ್ತಾನದ ನಡುವೆ ಕದನ ವಿರಾಮ ಜಾರಿಗೆ ಬಂದ ರಾತ್ರಿಯೇ ಉಲ್ಲಂಘನೆಯ ಸುದ್ದಿ ಬಂತು. ಬೆಳಗಾಗುವುದರೊಳಗೆ ಮುರಿದುಬೀಳುತ್ತದೆಂದು ನಾವೆಲ್ಲ ಎಣಿಸಿದ್ದೆವು, ಆದರೆ ಉಳಿಯಿತು. ಬೇರೆ ಕಡೆ ಸಹಿ, ಸಮಾರಂಭ ಎಲ್ಲ ಆದ ಒಪ್ಪಂದಗಳೂ ಮುರಿಯುತ್ತವೆ. ಯಾವುದು ಉಳಿಯುತ್ತದೆ ಎಂದು ಮೊದಲೇ ಹೇಳಲು ಬರುತ್ತದೆಯೇ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ದಿನಾಂಕ ಹೇಳಲು ಯಾರಿಂದಲೂ ಆಗದು, ಹೇಳುವವರನ್ನು ನಂಬಬೇಡಿ. ಆದರೆ ಯಾವ ಕಡೆ ನೋಡಬೇಕು ಎಂಬುದನ್ನು ಹೇಳಬಹುದು, ಅದಕ್ಕೆ ತಮ್ಮ ಊರಿನ ಉದಾಹರಣೆಯೇ ಇದೆ.

1792ರ ಫೆಬ್ರವರಿ ಕೊನೆಯಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮುಂದೆ ಫಿರಂಗಿಗಳು ನಿಂತಾಗ ಟಿಪ್ಪು ಸುಲ್ತಾನ್ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ನಡುವೆ ಆಗಿದ್ದುದು ಪ್ರಾಥಮಿಕ ಒಪ್ಪಂದವಷ್ಟೇ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಗಂಡುಮಕ್ಕಳು. ಬಿಟ್ಟುಕೊಡುವ ಸೀಮೆಗಳು ಎದುರು ಪಕ್ಷದವರ ಗಡಿಗೆ ಹೊಂದಿಕೊಂಡಿರಬೇಕು ಎಂದು ಬರೆಯಲಾಗಿತ್ತೇ ಹೊರತು ಯಾವ ಯಾವ ಸೀಮೆ ಎಂದು ಬಿಡಿಸಿ ಹೇಳಿರಲಿಲ್ಲ. ಮಕ್ಕಳಿಬ್ಬರೂ ಇಂಗ್ಲಿಷರ ಪಾಳೆಯ ಸೇರಿದ ಮೇಲೆ ಕಂಪನಿಯ ಬೇಡಿಕೆಯಲ್ಲಿ ಕೊಡಗಿನ ಹೆಸರು ಬಂತು. ತನ್ನ ರಾಜಧಾನಿಯ ಬಾಗಿಲಿನಂತಿರುವ ಕೊಡಗು ಕಂಪನಿಯ ಯಾವ ಸೀಮೆಗೆ ಹೊಂದಿಕೊಂಡಿದೆ ಎಂದು ಟಿಪ್ಪು ಕೆರಳಿದನು. ಕಾರ್ನ್‌ವಾಲಿಸ್ ಮತ್ತೆ ಮುತ್ತಿಗೆಗೆ ಅಣಿಯಾದನು. ಮಾರ್ಚ್‌ನಲ್ಲಿ ಅಂತಿಮ ಸಹಿ ಬಿದ್ದದ್ದು ಪರಸ್ಪರ ವಿಶ್ವಾಸದಿಂದಲ್ಲ, ಆ ಹೊತ್ತಿನಲ್ಲಿ ಮತ್ತೆ ಕಾದಾಡುವ ಸ್ಥಿತಿ ಟಿಪ್ಪುವಿಗೆ ಇರಲಿಲ್ಲವಾದ್ದರಿಂದ. 1794ರಲ್ಲಿ ಮಕ್ಕಳು ಹಿಂತಿರುಗಿದರು. 1799ರಲ್ಲಿ ಕೋಟೆಯೇ ಬಿತ್ತು.

ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ, ಮತ್ತೆ ಯುದ್ಧ ಹೂಡಿದರೆ ಯಾರಿಗೆ ಏನು ಸಿಗುತ್ತದೆ ಎಂಬುದು. ಕೊರಿಯಾದಲ್ಲಿ 1951ರ ಜುಲೈನಲ್ಲಿ ಆರಂಭವಾದ ಮಾತುಕತೆ ಎರಡು ವರ್ಷ ಎಳೆಯಿತು, ಅದರಲ್ಲಿ ಬಹುಪಾಲು ಕಾಲ ಯುದ್ಧಕೈದಿಗಳ ವಿಷಯದಲ್ಲೇ ಕಳೆಯಿತು, ಆ ಅವಧಿಯಲ್ಲಿ ಸಾವಿರಾರು ಜನ ಸತ್ತರೂ ರಣರೇಖೆ ಹೆಚ್ಚೇನೂ ಕದಲಲಿಲ್ಲ. 1953ರ ಜುಲೈ 27ರ ಒಪ್ಪಂದಕ್ಕೆ ದಕ್ಷಿಣ ಕೊರಿಯಾ ಸಹಿಯನ್ನೇ ಹಾಕಲಿಲ್ಲ, ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ಆದರೂ ಅದು ನಿಂತಿದೆ. ಇನ್ನಷ್ಟು ಪ್ರಾಣ ಕೊಟ್ಟರೂ ಇನ್ನಷ್ಟು ನೆಲ ಸಿಗದೆಂಬುದು ಎರಡೂ ಕಡೆಯವರಿಗೆ ಮನವರಿಕೆಯಾಗಿತ್ತು. ಜೊತೆಗೆ ಸೇನೆಗಳ ನಡುವೆ 4 ಕಿಲೋಮೀಟರ್ ಅಗಲದ ಖಾಲಿ ಪಟ್ಟಿಯಿತ್ತು. (ಆ ಕೈದಿಗಳ ವಾಪಸಾತಿಗೆ ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರು.)

ನಮ್ಮ ನಿಯಂತ್ರಣ ರೇಖೆಯೂ ಇದನ್ನೇ ಹೇಳುತ್ತದೆ. 2003ರ ನವೆಂಬರ್‌ನ ಕದನ ವಿರಾಮ ಕೆಲವು ವರ್ಷ ಚೆನ್ನಾಗಿಯೇ ನಡೆದು, ಬರಬರುತ್ತಾ ಸವೆದು, 2020ರಲ್ಲಿ ಭಾರತದ ಲೆಕ್ಕದಂತೆ ಉಲ್ಲಂಘನೆಗಳು ಐದು ಸಾವಿರ ದಾಟಿದ್ದವು. 2021ರ ಫೆಬ್ರವರಿ 25ರ ಜಂಟಿ ಹೇಳಿಕೆಯಲ್ಲಿ ಹೊಸದೇನೂ ಇರಲಿಲ್ಲ, ಆದರೆ ಗುಂಡಿನ ಸದ್ದು ನಿಂತಿತು. ನನ್ನ ಎಣಿಕೆಯಲ್ಲಿ ಬದಲಾಗಿದ್ದುದು ಸಂದರ್ಭ: ಭಾರತದ ಗಮನ ಪೂರ್ವ ಲಡಾಖ್‌ನಲ್ಲಿ ಚೀನಾದ ಕಡೆಗಿತ್ತು, ಪಾಕಿಸ್ತಾನಕ್ಕೆ ಹಣದ ಮುಗ್ಗಟ್ಟಿತ್ತು.

ಇನ್ನು ತಾವು ಹೇಳಿದ ರಾತ್ರಿ. ಮೈಸೂರಿನಲ್ಲಿ ನಮ್ಮ ಕಚೇರಿಯೆದುರಿನ ಹೋಟೆಲಿನಲ್ಲೂ ಅಂದು ಕಾಫಿ ಆರಿಹೋಗುವವರೆಗೆ ಜನ ಟಿವಿ ನೋಡುತ್ತ, ಎಲ್ಲ ಮುಗಿಯಿತು ಎನ್ನುತ್ತಿದ್ದರು. ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರಿಂದ ನಮ್ಮ ಮಹಾನಿರ್ದೇಶಕರಿಗೆ ಕರೆ ಬಂತು, ಸಂಜೆ 5ಕ್ಕೆ ವಿರಾಮ ಜಾರಿಯಾಯಿತು, ರಾತ್ರಿ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರು ಉಲ್ಲಂಘನೆಯಾಗಿದೆ ಎಂದರು, 12ರಂದು ಮಹಾನಿರ್ದೇಶಕರಿಬ್ಬರೂ ಪುನಃ ಮಾತನಾಡಿದರು. ಈ ಕೊನೆಯ ಕರೆಯೇ ಮುಖ್ಯ. ಮೊದಲ ರಾತ್ರಿಯ ಗುಂಡುಗಳನ್ನು ಎಣಿಸಿ ಭವಿಷ್ಯ ಹೇಳಿದವರು ಸೋತದ್ದು ಇಲ್ಲಿಯೇ. ಗುಂಡು ಹಾರಿದ ಮೇಲೆ ಫೋನ್ ಎತ್ತುವವರು ಇದ್ದಾರೆಯೇ, ಅವರ ಮಾತು ಗಡಿ ಠಾಣೆಯವರೆಗೆ ನಡೆಯುತ್ತದೆಯೇ ಎಂಬುದು ಹೆಚ್ಚು ಹೇಳುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಶ್ರೀಲಂಕಾದ ಕಥೆ. ಅಲ್ಲಿನ ಸರ್ಕಾರ ಮತ್ತು ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ನಡುವಿನ 2002ರ ಫೆಬ್ರವರಿಯ ಒಪ್ಪಂದಕ್ಕೆ ನಾರ್ವೆಯ ಮಧ್ಯಸ್ಥಿಕೆಯೂ ಇತ್ತು, ಉಲ್ಲಂಘನೆಯನ್ನು ಬರೆದುಕೊಳ್ಳಲು ವಿದೇಶಿ ವೀಕ್ಷಕರೂ ಇದ್ದರು. ಬರೆದುಕೊಳ್ಳುವುದಕ್ಕಿಂತ ಹೆಚ್ಚಿನ ಅಧಿಕಾರ ಅವರಿಗಿರಲಿಲ್ಲ. 2006ರ ಜುಲೈನಲ್ಲಿ ಪೂರ್ವಭಾಗದ ಮಾವಿಲ್ ಆರು ಎಂಬಲ್ಲಿ ಎಲ್‌ಟಿಟಿಇ ತೂಬು ಮುಚ್ಚಿ, ಕೆಳಗಿನ ಸಾವಿರಾರು ರೈತ ಕುಟುಂಬಗಳಿಗೆ ನೀರು ನಿಲ್ಲಿಸಿತು. ಸೇನೆ ವಿಮಾನದಾಳಿಗೆ ಇಳಿಯಿತು. ನಾಲೆಗೆ ನೀರು ನಿಂತರೆ ಏನಾಗುತ್ತದೆಂದು ಮಂಡ್ಯ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಪೂರ್ಣ ಯುದ್ಧ ನಡೆಯುತ್ತಿದ್ದರೂ ಕದನ ವಿರಾಮ ಮಾತ್ರ 2008ರ ಜನವರಿಯಲ್ಲಿ ಸರ್ಕಾರ ಹೊರಬರುವವರೆಗೆ ಕಾಗದದ ಮೇಲೆ ಜೀವಂತವಾಗಿತ್ತು.

ತಮ್ಮ ತಂಗಿಯ ಮಗನಿರುವ ಗಡಿಯ ಬಗ್ಗೆ ನನ್ನ ಅಂದಾಜು ಇಷ್ಟು: ಅಲ್ಲೊಂದು ಇಲ್ಲೊಂದು ಗುಂಡಿನಿಂದ ಈ ವಿರಾಮ ಮುರಿಯಲಾರದು, 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯಂಥದ್ದು ಮತ್ತೊಮ್ಮೆ ನಡೆದರೆ ಮುರಿಯಬಹುದು, ಅದನ್ನು ಒಪ್ಪಂದದ ಪದಗಳನ್ನು ಓದಿ ಊಹಿಸಲಾಗದು. ಅಲ್ಲಿಯವರೆಗೆ ಟಿವಿ ಚರ್ಚೆಗಿಂತ ಸಣ್ಣ ಸಂಗತಿಗಳನ್ನು ಗಮನಿಸಿ: ಗಡಿ ಗ್ರಾಮಗಳಲ್ಲಿ ಶಾಲೆ ನಡೆಯುತ್ತಿದೆಯೇ, ಬೇಲಿಯಂಚಿನ ಗದ್ದೆಗೆ ರೈತರು ಇಳಿಯುತ್ತಿದ್ದಾರೆಯೇ. ಆ ಮೇ ತಿಂಗಳಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದ ಸೈನಿಕರನ್ನು ವಾಪಸು ಕರೆಸಿಕೊಂಡದ್ದು ತಮಗೆ ನೆನಪಿರಬಹುದು. ಅವನಿಗೆ ಈಗ ರಜೆ ಮಂಜೂರಾಗುತ್ತಿದ್ದರೆ, ಮುಂದಿನ ಕೆಲವು ವಾರಗಳ ಬಗ್ಗೆ ಸೇನೆಯೇ ಒಂದು ಲೆಕ್ಕ ಹಾಕಿದೆ ಎಂದು ತಿಳಿಯಬಹುದು.