ಓದುಗರ ಪ್ರಶ್ನೆ: ಲೇತ್ ಮೇಲೆ ಹರಳು, ಅಂಚಿನಲ್ಲಿ ಬೆಳಕು

ಪ್ರಶ್ನೆ: ಕ್ವಾಂಟಮ್ ಬೆಳಕಿಗೆ ಬೇಕಾದ ಹರಳಿನ ರೆಸೋನೇಟರನ್ನ ಲೇತ್ ಮೇಲೇ ಕಡೀತಾರ ಅಂತ ಕೇಳೀನ್ರಿ. ಹಿತ್ತಾಳಿ, ಸ್ಟೀಲ್ ಕೆಲಸದ ನಮ್ಮ ಲೇತಿನಾಗ ಆಗ್ತದೇನು?
(ಟರ್ನರ್, ಕಪನೂರು, ಕಲಬುರಗಿ)

ಉತ್ತರ: ನಿಮ್ಮ ಲೇತಿನಲ್ಲಿ ಆಗದು. ಈ ರೆಸೋನೇಟರ್ ಅಂದರೆ ಬೆಳಕನ್ನು ಅಂಚಿನೊಳಗೆ ಸುತ್ತಿಸಿ ಹಿಡಿದಿಡುವ ಹರಳಿನ ಬಿಲ್ಲೆ. ಸಾಮಾನ್ಯ ಸ್ಪಿಂಡಲ್ಲಿನ ರನ್‌ಔಟ್ (ತಿರುಗುವಾಗಿನ ಓಲಾಟ) ಮೈಕ್ರಾನ್ ಲೆಕ್ಕದ್ದು. ಇಲ್ಲಿ ಬೇಕಿರುವುದು ಗಾಳಿಯ ಪದರದ ಮೇಲೆ ತಿರುಗುವ ಏರ್ ಬೇರಿಂಗ್ ಸ್ಪಿಂಡಲ್ ಮತ್ತು ಒಂಟಿ ಹರಳಿನ ವಜ್ರದ ಟೂಲ್. ಉಳಿದದ್ದರಲ್ಲಿ ನಿಮ್ಮ ಕೈಗೆ ಪರಿಚಯವಿಲ್ಲದ್ದು ಕಡಿಮೆ.

ಶೇ 5 ಮೆಗ್ನೀಸಿಯಮ್ ಆಕ್ಸೈಡ್ ಬೆರೆಸಿದ ಲಿಥಿಯಮ್ ನಯೋಬೇಟ್ ಎಂಬ ಹರಳಿನ ಹಾಳೆ, ಸುಮಾರು 0.5 ಮಿ.ಮೀ. ದಪ್ಪದ್ದು, ಹರಳಿನ ಅಕ್ಷ ಹಾಳೆಗೆ ಲಂಬವಾಗಿರುವಂತೆ ಕೊಯ್ದದ್ದು ಬೇಕು. ಹಿತ್ತಾಳೆ ಕೊಳವೆಗೆ ವಜ್ರದ ಪುಡಿ ಸವರಿ 3–4 ಮಿ.ಮೀ. ಬಿಲ್ಲೆ ಕೊರೆದು, ಹಿತ್ತಾಳೆ ಸರಳಿನ ತುದಿಗೆ ಮೇಣದಿಂದ ಕೂರಿಸುತ್ತಾರೆ. ಮೇಣ ಕಾಯಿಸುವಾಗ ಅವಸರ ಕೂಡದು: ತಾಪ ಬದಲಾದಾಗ ಈ ಹರಳಿನ ಮುಖಗಳಲ್ಲಿ ವಿದ್ಯುದಂಶ ಕೂಡುತ್ತದೆ, ಸರಕ್ಕನೆ ಕಾಯಿಸಿದರೆ ಬಿಲ್ಲೆ ಸೀಳುತ್ತದೆ.

ಕೊನೆಯ ಕಟ್ಟಿನ (ಟೂಲ್ ಒಮ್ಮೆಗೆ ಕಡಿಯುವ ಪದರದ) ಆಳ 0.1 ಮೈಕ್ರಾನಿಗಿಂತ ಕಡಿಮೆ ಇರಲಿ. ಆಗ ಗಾಜಿನಷ್ಟು ಬಿರುಸಾದ ಹರಳೂ ಲೋಹದ ಹಾಗೆ ಸಿಪ್ಪೆ ಬಿಡುತ್ತದೆ. ಆಳ ಮಿತಿ ದಾಟಿದರೆ ಒಳಕ್ಕೆ ಬಿರುಕು ಇಳಿಯುತ್ತದೆ, ಮೇಲೆ ಕಾಣುವುದೇ ಇಲ್ಲ. ಕ್ಯಾಲ್ಸಿಯಮ್ ಫ್ಲೋರೈಡ್ ಎಂಬ ಇನ್ನೊಂದು ಹರಳು ಇನ್ನೂ ತಂಟೆ: ಮಿತಿ ದಿಕ್ಕಿಗೊಂದು. ಒಂದೇ ಸುತ್ತಿನಲ್ಲಿ ಅಂಚು ಒಂದೆಡೆ ಕನ್ನಡಿ, ಮತ್ತೊಂದೆಡೆ ಬೆಳ್ಳಗೆ ಮಂಕು.

ಆಮೇಲೆ ಪಾಲಿಶ್. ವಜ್ರದ ಸ್ಲರಿಯ (ಪುಡಿ ಕಲಸಿದ ದ್ರವದ) ಕಣದ ಗಾತ್ರ 9, 3, 1, 0.25 ಮೈಕ್ರಾನ್ ಹೀಗೆ ಇಳಿಯುತ್ತದೆ. ಪ್ರತಿ ಹಂತವೂ ಹಿಂದಿನ ಹಂತದ ಗಾಯವನ್ನು ಪೂರ್ತಿ ತೆಗೆಯಬೇಕು. ಹಿಂದಿನ ಕಣದ ಗಾತ್ರದ ಮೂರು ಪಟ್ಟು ಆಳವಾದರೂ ಸವೆಸಿ. ಹೊಳಪು ಬಂತೆಂದು ನಿಲ್ಲಿಸುವುದೇ ಹೆಚ್ಚಿನವರು ಕೆಡುವ ಜಾಗ. ನಡುವೆ ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಬಟ್ಟೆಯನ್ನೂ ಬದಲಿಸಿ. 3 ಮೈಕ್ರಾನಿನ ಒಂದು ಕಣ ಉಳಿದರೂ 0.25ರ ಹಂತದಲ್ಲಿ ಗೀರು ಖಚಿತ.

ಪ್ರಶ್ನೆ: ಗೋಳಗುಮ್ಮಟಕ್ಕೂ ಇದಕ್ಕೂ ನಂಟಿದೆಯಂತೆ. ಅದರಲ್ಲಿ ಕ್ವಾಂಟಮ್ ಎಲ್ಲಿ ಬಂತು?
(ಬಿ.ಎಸ್ಸಿ. ವಿದ್ಯಾರ್ಥಿನಿ, ಬೀದರ್)

ಉತ್ತರ: ಗುಮ್ಮಟದ ಗೋಡೆ ಹಿಡಿದು ಪಿಸುಮಾತು ಸಾಗುವಂತೆ ಬಿಲ್ಲೆಯ ಅಂಚಿನೊಳಗೆ ಬೆಳಕು ಪೂರ್ಣ ಪ್ರತಿಫಲನದಿಂದ ಸುತ್ತುತ್ತದೆ. ಬೆಳಕನ್ನು ಹಿಡಿದಿಡುವ ಗುಣಾಂಕ ಕ್ಯೂ 10 ಕೋಟಿ ಇದ್ದರೆ, 1064 ನ್ಯಾನೋಮೀಟರಿನ ಬೆಳಕು ಒಳಗೆ ಇರುವುದು ಸುಮಾರು 56 ನ್ಯಾನೋಸೆಕೆಂಡ್. 3 ಮಿ.ಮೀ. ಬಿಲ್ಲೆಯಲ್ಲಿ ಅಷ್ಟರೊಳಗೆ 800ರಷ್ಟು ಸುತ್ತು! ಹಾಗಾಗಿ 532 ನ್ಯಾನೋಮೀಟರಿನ ಹಸಿರು ಲೇಸರ್ ಅತಿ ಸಣ್ಣದಿದ್ದರೂ ಸಾಕು, ಒಂದು ಹಸಿರು ಫೋಟಾನ್ (ಬೆಳಕಿನ ಕಣ) ಒಡೆದು 1064ರ ಆಸುಪಾಸಿನ ಎರಡಾಗುತ್ತದೆ. ಕ್ವಾಂಟಮ್ ನಂಟಿರುವುದು ಈ ಜೋಡಿಯಲ್ಲಿ.

ಜೋಡಿ ಒಳಗೇ ಸತ್ತರೆ ಉಪಯೋಗವಿಲ್ಲ. ಹೊರಗೆ ತೆಗೆಯಲು ವಜ್ರದ ಪ್ರಿಸಂ ಅನ್ನು ಅಂಚಿನಿಂದ ನೂರಿನ್ನೂರು ನ್ಯಾನೋಮೀಟರ್ ದೂರದಲ್ಲಿ ಪೀಜೋ (ವೋಲ್ಟೇಜಿಗೆ ತಕ್ಕಂತೆ ನವಿರಾಗಿ ಸರಿಸುವ ಸಾಧನ) ಮೂಲಕ ನಿಲ್ಲಿಸುತ್ತಾರೆ. ಪ್ರಿಸಂ ಸೆಳೆಯುವುದು ಒಳನಷ್ಟದ (ಬಿಲ್ಲೆಯೊಳಗೇ ಬೆಳಕು ಕಳೆದುಹೋಗುವುದರ) 9 ಪಟ್ಟಿದ್ದರೆ ಒಂದೊಂದು ಫೋಟಾನ್ ಹೊರಬೀಳುವ ಸಾಧ್ಯತೆ ಶೇ 90, ಎರಡೂ ಬರುವುದು ಶೇ 81. ಪಾಲಿಶ್ ಕೆಟ್ಟು ಒಳನಷ್ಟ ಏರಿದರೆ ಮೊದಲು ಕೈಬಿಡುವುದು ಈ ಲೆಕ್ಕ.

ಪ್ರಶ್ನೆ: ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಇದು ನಡೆಯುವುದೇ?
(ಶಿಕ್ಷಕರು, ಯಾದಗಿರಿ)

ಉತ್ತರ: ಬಳಸುವಾಗ ಬಿಲ್ಲೆ ಹೇಗೂ 100 ಡಿಗ್ರಿ ಆಸುಪಾಸಿನ ಓವನ್‌ನಲ್ಲಿರುತ್ತದೆ, ಹೊರಗಿನ ಬಿಸಿಲಿಗಿಂತ ಮಿಲಿಡಿಗ್ರಿ ಮಟ್ಟದ ಸ್ಥಿರತೆ ಮುಖ್ಯ. ಕಡೆಯುವಾಗ ಮಾತ್ರ ಕೋಣೆಯ ತಾಪ ಕಾಡುತ್ತದೆ: 200 ಮಿ.ಮೀ. ಸ್ಟೀಲ್ ಒಂದು ಡಿಗ್ರಿಗೆ ಸುಮಾರು 2.4 ಮೈಕ್ರಾನ್ ಹಿಗ್ಗುತ್ತದೆ, ಕಟ್ಟಿನ ಆಳದ ಕನಿಷ್ಠ 24 ಪಟ್ಟು. ಏಸಿ ಹಾಕಿ ಗಂಟೆಗಟ್ಟಲೆ ಯಂತ್ರವನ್ನು ಸುಮ್ಮನೆ ತಿರುಗಲು ಬಿಟ್ಟು ಆಮೇಲೆ ಟೂಲ್ ಮುಟ್ಟಿಸಿ. ಓವನ್‌ಗೆ ಯುಪಿಎಸ್ ಇರಲಿ. ಕರೆಂಟ್ ಹೋಗಿ ಅದು ಒಮ್ಮೆಲೇ ತಣ್ಣಗಾದರೂ ಬಿಲ್ಲೆ ಸೀಳಬಹುದು.